ಅಂಟಿನ ಗಂಟೆ

ಸಭೆಯ ಅಧ್ಯಕ್ಷರೇ, ಆಡಳಿತ ಮಂಡಳಿಯ ಕಾರ್ಯದರ್ಶಿಗಳೇ, ಮುಖ್ಯೋಪಾಧ್ಯಾಯಿನಿಯವರೇ, ಮೂವತ್ತೊಂದು ವರ್ಷ ನನ್ನನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಪೋಷಕರೇ, ಎಲ್ಲರಿಗಿಂತ ಹಿಂದಿನ ಸಾಲುಗಳಲ್ಲಿ ಕುಳಿತಿದ್ದರೂ ನನ್ನ ಕಣ್ಣಿಗೆ ಎಲ್ಲರಿಗಿಂತ ಮುಂದೆಯೇ ಇರುವ ನನ್ನ ಮಕ್ಕಳೇ, ಸಭಿಕರೇ,

ಇಷ್ಟು ಹೊತ್ತು ನೀವು ಆಡಿದ ಒಳ್ಳೆಯ ಮಾತುಗಳನ್ನು ಕೇಳುತ್ತಾ, ಇವರು ಹೇಳುತ್ತಿರುವ ಈ ಹೆಂಗಸು ಯಾರು, ಒಮ್ಮೆ ನೋಡಬೇಕಲ್ಲ ಅನ್ನಿಸಿತು. ನಗಿ, ಮಕ್ಕಳೇ. ಲೈಬ್ರರಿಯಲ್ಲಿ ಒಂದು ದಿನವೂ ಜೋರಾಗಿ ನಗಲು ಬಿಡದವಳು ನಾನು. ಬೀಳ್ಕೊಡುಗೆಯ ದಿನವಾದರೂ ನಗಿ.

ಈಗಷ್ಟೇ ಓದಿದ ಸನ್ಮಾನ ಪತ್ರದಲ್ಲಿ ಮೂರು ಪ್ಯಾರಾಗಳಿವೆ. ಮೊದಲ ಎರಡರ ಬಗ್ಗೆ ನನ್ನ ತಕರಾರಿಲ್ಲ; ಹೊಗಳಿಕೆಯನ್ನು ಬೇಡ ಎನ್ನುವಷ್ಟು ದೊಡ್ಡವಳಲ್ಲ ನಾನು. ನನ್ನ ಮಾತೆಲ್ಲ ಮೂರನೆಯದರ ಬಗ್ಗೆ. ಅದು ತಡಮ್ಮನ ಕಥೆ. ಅದನ್ನು ಓದಿದಾಗ ನೀವೆಲ್ಲ ನಕ್ಕಿರಿ. ಪ್ರತಿ ವರ್ಷವೂ ನಗುತ್ತೀರಿ. ಇದೇ ವೇದಿಕೆಯಲ್ಲಿ, ವಾರ್ಷಿಕೋತ್ಸವದ ದಿನ, ಆ ಕಥೆಯನ್ನು ನಾನು ಹತ್ತೊಂಬತ್ತು ಸಲ ಹೇಳಿದ್ದೇನೆ. ಇಪ್ಪತ್ತನೆಯ ಸಲ ಈಗ ಹೇಳುತ್ತೇನೆ. ಈ ಸಲ ಪೂರ್ತಿಯಾಗಿ.

ನಮ್ಮ ಲೈಬ್ರರಿಯಲ್ಲಿ ಪುಸ್ತಕ ತಡವಾದರೆ ದಂಡವಿಲ್ಲ. ದಂಡ ಕಟ್ಟುವವರು ಅಪ್ಪ ಅಮ್ಮ, ಅದರಿಂದ ಮಕ್ಕಳು ಕಲಿಯುವುದೇನು ಎಂದು ವಾದಿಸಿ ಆ ಪದ್ಧತಿಯನ್ನು ನಿಲ್ಲಿಸಿದವಳು ನಾನೇ. ಅದರ ಬದಲು, ಒಂದು ದಿನ ತಡವಾದರೂ, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕುಳಿತು ಹರಿದ ಪುಸ್ತಕಗಳಿಗೆ ಅಂಟು ಹಚ್ಚಬೇಕು. ಒಂದು ಬಟ್ಟಲು ಅಂಟು, ಒಂದು ಬ್ರಷ್, ತೆಳು ಕಾಗದದ ಪಟ್ಟಿಗಳು, ಮೇಲೆ ಹೇರಲು ದಪ್ಪನೆಯ ಹಳೆಯ ನಿಘಂಟು. ಇಲ್ಲಿರುವ ಪೋಷಕರಲ್ಲಿ ಎಷ್ಟೋ ಜನ ಆ ಬ್ರಷ್ ಹಿಡಿದವರೇ.

ಇಪ್ಪತ್ತೆರಡು ವರ್ಷಗಳ ಹಿಂದೆ ಆರನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅಪ್ಪ ಅಮ್ಮ ಕೆಲಸಕ್ಕಾಗಿ ದೂರದಲ್ಲಿದ್ದರು; ಇವಳನ್ನು ಓದಿಗೆಂದು ಚಿಕ್ಕಪ್ಪನ ಮನೆಯಲ್ಲಿ ಬಿಟ್ಟಿದ್ದರು. ಮೂರು ಕಾರ್ಡಿಗೆ ಮೂರು ಪುಸ್ತಕ ಒಯ್ಯುತ್ತಿದ್ದಳು, ಮೂರನ್ನೂ ಬೇರೆ ಬೇರೆ ದಿನ. ಮೂರೂ ಸರಿಯಾಗಿ ಒಂದೊಂದು ದಿನ ತಡವಾಗಿ ಬರುತ್ತಿದ್ದವು. ಹಾಗಾಗಿ ವಾರಕ್ಕೆ ಮೂರು ಸಂಜೆ ಅವಳಿಗೆ ಅಂಟಿನ ಶಿಕ್ಷೆ. ಅವಳಿಗೆ ತಡಮ್ಮ ಎಂದು ಹೆಸರಿಟ್ಟವಳೂ ನಾನೇ.

"ಏನಮ್ಮಾ ತಡಮ್ಮ, ಇವತ್ತೂ ಮರೆತ್ಯಾ?"

"ಮರೆತೆ ಮಿಸ್."

"ತಲೆ ಎಲ್ಲಿಟ್ಟಿರ್ತೀಯೇ ನೀನು?"

"ಇಲ್ಲೇ ಮಿಸ್."

ಈ ಜಾಗಕ್ಕೆ ಬಂದಾಗ ನೀವು ಯಾವಾಗಲೂ ನಗುತ್ತೀರಿ. ಇವತ್ತು ಕೆಲವರು ನಗಲಿಲ್ಲ. ನನ್ನ ಧ್ವನಿಯಲ್ಲಿ ಏನೋ ವ್ಯತ್ಯಾಸ ಕಂಡಿರಬೇಕು.

ಐದು ತಿಂಗಳು ಹೀಗೆಯೇ ನಡೆಯಿತು. ಆಮೇಲೆ ನಾನು ಅವಳ ಮನೆಗೊಂದು ಚೀಟಿ ಬರೆದೆ. "ನಿಮ್ಮ ಹುಡುಗಿ ಜಾಣೆ. ಆದರೆ ಪುಸ್ತಕ ಹಿಂದಿರುಗಿಸುವುದರಲ್ಲಿ ಅಸಡ್ಡೆ. ಮನೆಯಲ್ಲಿ ಸ್ವಲ್ಪ ಗಮನ ಕೊಡಿ." ಮರುದಿನವೇ ಚಿಕ್ಕಪ್ಪ ಬಂದರು. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಔಷಧಿ ಅಂಗಡಿ ಇಟ್ಟಿದ್ದವರು, ಎಲ್ಲರಿಗೂ ಬೇಕಾದವರು. ಬಂದರು, ಬೇಕಾದವರು ಎನ್ನುತ್ತಿದ್ದೇನೆ, ನೋಡಿ. ಬಂದ ಎನ್ನುವುದಕ್ಕೆ ನನ್ನ ನಾಲಿಗೆ ಇನ್ನೂ ಹೊರಳುತ್ತಿಲ್ಲ. ನಾನು ಆತನಿಗೆ ಟೀ ತರಿಸಿಕೊಟ್ಟೆ. ಆತ ಹೇಳಿದ: "ಇನ್ಮೇಲೆ ತಡ ಆಗಲ್ಲ ಮಿಸ್. ನಾನೇ ನೋಡ್ಕೋತೀನಿ."

ಹುಡುಗಿ ಆತನ ಹಿಂದೆ ನಿಂತಿದ್ದಳು. ನಾನು ಅವಳ ಕೆನ್ನೆ ತಟ್ಟಿ, "ನೋಡೇ, ನಿನ್ನ ಚಿಕ್ಕಪ್ಪಂಗೆ ನಿನ್ನ ಮೇಲೆ ಎಷ್ಟು ಕಾಳಜಿ!" ಎಂದೆ. ಅವಳು ಬಟ್ಟಲಿನ ಅಂಟನ್ನೇ ನೋಡುತ್ತಿದ್ದಳು. ಅಂದಿನಿಂದ ಒಂದು ಪುಸ್ತಕವೂ ತಡವಾಗಲಿಲ್ಲ. ಒಂದು ಚೀಟಿ ಒಂದು ಮಗುವನ್ನು ತಿದ್ದಿತು: ನಾನು ಹತ್ತೊಂಬತ್ತು ಸಲ ಕಥೆ ಮುಗಿಸಿದ್ದು ಈ ವಾಕ್ಯದಿಂದ. ನೀವು ಹತ್ತೊಂಬತ್ತು ಸಲ ಚಪ್ಪಾಳೆ ತಟ್ಟಿದ್ದೂ ಇದಕ್ಕೇ.

ಮೂರು ವಾರಗಳ ಹಿಂದೆ ಲೈಬ್ರರಿಗೆ ಒಂದು ಪಾರ್ಸೆಲ್ ಬಂತು. ಒಳಗೆ ಹೊಸ ಪುಸ್ತಕ. ಒಬ್ಬ ಹೆಣ್ಣುಮಗಳು ಬರೆದ ತನ್ನ ಬಾಲ್ಯದ ಕಥೆ. ಜೊತೆಗೊಂದು ಕಾಗದ: "ಮಿಸ್, ಇದು ನಮ್ಮ ಲೈಬ್ರರಿಗೆ. ಇದೂ ತಡವಾಗಿಯೇ ಬರ್ತಿದೆ. ನಿಮ್ಮ ತಡಮ್ಮ."

ನನ್ನ ಸಂತೋಷವನ್ನು ಏನೆಂದು ಹೇಳಲಿ? ಸ್ಟಾಫ್ ರೂಮಿಗೆ ಓಡಿ ಎಲ್ಲರಿಗೂ ತೋರಿಸಿದೆ. ನಮ್ಮ ಹುಡುಗಿ ಲೇಖಕಿಯಾಗಿದ್ದಾಳೆ! ಇನ್ನೂ ಒಂದು ಪುಟವನ್ನೂ ಓದಿರಲಿಲ್ಲ.

ಮನೆಯಲ್ಲಿ ಓದಲು ಕುಳಿತೆ. ಮೂರನೆಯ ಅಧ್ಯಾಯದ ಹೊತ್ತಿಗೆ ಅದು ಎಂಥ ಬಾಲ್ಯವೆಂದು ತಿಳಿಯಿತು. ಆ ಮನೆಯಲ್ಲಿ, ಆ ಚಿಕ್ಕಪ್ಪನಿಂದ, ಹನ್ನೊಂದು ವರ್ಷದ ಮಗುವಿಗೆ ಆಗಬಾರದ್ದು ಆಗುತ್ತಿತ್ತು. ಮಕ್ಕಳ ಮುಂದೆ ಇಷ್ಟು ಹೇಳಿದರೆ ಸಾಕು. ದೊಡ್ಡವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಆಗ ನಾನು ಮಾಡಿದ್ದೇನು ಗೊತ್ತೆ? ಪೆನ್ಸಿಲ್ ತೆಗೆದುಕೊಂಡು ಅಚ್ಚಿನ ತಪ್ಪು ಹುಡುಕತೊಡಗಿದೆ. ಹದಿನೇಳು ಸಿಕ್ಕವು. ಓದಲಾಗದ ಪುಟಗಳಲ್ಲಿ ಅಕ್ಷರಗಳನ್ನಷ್ಟೇ ನೋಡುತ್ತಾ ಹೋದೆ, ಅರ್ಥವನ್ನು ಒಳಗೆ ಬಿಡಲಿಲ್ಲ. ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿದೆ. ನಮ್ಮ ಮನೆಯವರು ಕೇಳಿದರು: "ಏನೇ ಅದು, ಅಷ್ಟು ಬಚ್ಚಿಟ್ಕೊಂಡು ಓದ್ತಿದೀಯ?"

"ಅಡುಗೆ ಪುಸ್ತಕ" ಎಂದೆ.

"ದೇವರು ದೊಡ್ಡವನು, ಈಗಲಾದ್ರೂ ಬುದ್ಧಿ ಬಂತಲ್ಲ" ಎಂದರು ಅವರು.

ಅವರ ತಮಾಷೆಗೆ ನಗುತ್ತಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಅರವತ್ತು ವರ್ಷದ ನನಗೇ, ನನ್ನದೇ ಮನೆಯಲ್ಲಿ, ಏನು ಓದುತ್ತಿದ್ದೇನೆಂದು ಬಾಯಿಬಿಟ್ಟು ಹೇಳಲು ಆಗಲಿಲ್ಲ. ಆ ಹನ್ನೊಂದು ವರ್ಷದವಳು, ಯಾರದೋ ಮನೆಯಲ್ಲಿ, ತನಗೆ ಏನಾಗುತ್ತಿದೆಯೆಂದು ಯಾರಿಗೆ ಹೇಳಬೇಕಿತ್ತು? ಯಾವ ಮಾತಿನಲ್ಲಿ ಹೇಳಬೇಕಿತ್ತು?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. "ಸಮಯದ ಅಭಾವವಿದೆ" ಎಂದು ಬರೆದಿದ್ದಾರೆ. ಚೀಟಿಗಳ ಬಗ್ಗೆ ನನಗೀಗ ಸ್ವಲ್ಪ ಹೆದರಿಕೆಯಿದೆ, ಸರ್. ಆದರೂ ಮಾತು ಮುಗಿಸಿಯೇ ಕೂರುತ್ತೇನೆ.

ಅರವತ್ತೊಂದನೆಯ ಪುಟದಲ್ಲಿ ನಮ್ಮ ಲೈಬ್ರರಿ ಬರುತ್ತದೆ. ಕಿಟಕಿ, ಉದ್ದನೆಯ ಮೇಜು, ನಿಘಂಟು, ಎಲ್ಲ ಇದ್ದ ಹಾಗೇ. ಆ ಶಿಕ್ಷೆಗೆ ಅವಳು ಇಟ್ಟ ಹೆಸರು ಅಂಟಿನ ಗಂಟೆ. ವಾರದಲ್ಲಿ ಮೂರು ದಿನ ಚಿಕ್ಕಮ್ಮ ಕೆಲಸದಿಂದ ಬರುವುದು ಒಂದು ಗಂಟೆ ತಡವಾಗುತ್ತಿತ್ತು. ಆ ಮೂರು ದಿನ ಶಾಲೆಯಿಂದ ನೇರವಾಗಿ ಮನೆಗೆ ಹೋದರೆ ಅಲ್ಲಿ ಆತನೊಬ್ಬನೇ. ಒಂದು ಗಂಟೆ ತಡವಾಗಿ ಹೋದರೆ ಅಷ್ಟರಲ್ಲಿ ಚಿಕ್ಕಮ್ಮ ಬಂದಿರುತ್ತಿದ್ದಳು. ಅದಕ್ಕಾಗಿ ಅವಳು ಪುಸ್ತಕಗಳನ್ನು ಲೆಕ್ಕ ಹಾಕಿ ತಡಮಾಡುತ್ತಿದ್ದಳು. ನಾನು ನಂಬಲಿಲ್ಲ. ಕಪಾಟಿನ ತಳದಿಂದ ಆ ವರ್ಷದ ಎರವಲು ರಿಜಿಸ್ಟರ್ ತೆಗೆದು, ಬೆರಳಿಟ್ಟು ನೋಡಿದೆ. ಮಂಗಳವಾರ, ಗುರುವಾರ, ಶುಕ್ರವಾರ. ಮಂಗಳವಾರ, ಗುರುವಾರ, ಶುಕ್ರವಾರ. ಐದು ತಿಂಗಳಲ್ಲಿ ಒಂದು ವಾರವೂ ತಪ್ಪಿಲ್ಲ. ಮರೆಗುಳಿ ಎಂದು ನಾನು ಹೀಯಾಳಿಸಿದ ಮಗು ಒಂದು ದಿನವನ್ನೂ ಮರೆತಿರಲಿಲ್ಲ. ಎಲ್ಲವನ್ನೂ ನನ್ನ ಕೈಯಾರೆ ಬರೆದಿದ್ದೆ, ನಾನೇ ಓದಿರಲಿಲ್ಲ.

ನನ್ನ ಚೀಟಿ ಅರವತ್ನಾಲ್ಕನೆಯ ಪುಟದಲ್ಲಿದೆ. ಆಮೇಲೆ ಏನಾಯಿತೆಂಬುದೂ ಇದೆ. ನನ್ನ ಬಗ್ಗೆ ಅವಳು ಬರೆದಿರುವುದು ಎರಡೇ ವಾಕ್ಯ: "ಮಿಸ್ ಒಳ್ಳೆಯವರು. ಯಾಕೆ ತಡ ಎಂದು ದಿನವೂ ಕೇಳುತ್ತಿದ್ದರು, ಉತ್ತರಕ್ಕೆ ಒಂದು ದಿನವೂ ಕಾಯಲಿಲ್ಲ." ಬೈದಿದ್ದರೆ ಎಷ್ಟೋ ಮೇಲಿತ್ತು.

ಇನ್ನೊಂದು ಸಂಗತಿ. ನಮ್ಮಲ್ಲಿ ಒಂದು ಗಾಜಿನ ಬೀರು ಇದೆಯಲ್ಲ, ಬಹುಮಾನದ ಪುಸ್ತಕಗಳನ್ನಿಡುವುದು? ನನ್ನ ಚೀಟಿಯ ಮರುವರ್ಷ ಆತ ಕೊಟ್ಟದ್ದು ಅದು. ಈ ವೇದಿಕೆಯಲ್ಲೇ ನಾನು ಆತನಿಗೆ ಹೂಗುಚ್ಛ ಕೊಟ್ಟೆ. ಬೀರುವಿನ ಮೇಲೆ ಹಿತ್ತಾಳೆಯ ಫಲಕದಲ್ಲಿ ಆತನ ಹೆಸರು. ಆ ಹುಡುಗಿ ಶಾಲೆ ಬಿಡುವವರೆಗೂ ಆ ಹೆಸರಿನ ಎದುರಿಗೇ ಕೂತು ಓದಿದಳು. ಆತ ತೀರಿಕೊಂಡು ಆರು ವರ್ಷವಾಯಿತು. ಫಲಕವನ್ನು ಮಾತ್ರ ನಾನು ಪ್ರತಿ ವಾರ ಬಟ್ಟೆಯಿಂದ ಉಜ್ಜುತ್ತಲೇ ಇದ್ದೆ.

ಹೋದ ವಾರ ಆಡಳಿತ ಮಂಡಳಿಯ ಸಭೆಯಲ್ಲಿ ಈ ಪುಸ್ತಕದ ಮಾತು ಬಂತು. ಕಾರ್ಯದರ್ಶಿಗಳು ಹೇಳಿದರು: "ಮಕ್ಕಳಿಗೆ ಯಾಕ್ರೀ ಇಂಥದ್ದು? ದಾನಿಗಳ ಮನೆಯವರಿಗೂ ಬೇಜಾರಾಗುತ್ತೆ. ವಾಪಸ್ ಕಳಿಸಿಬಿಡಿ." ನಾನು ಎದ್ದು ನಿಂತು ಮಾತಾಡಿದೆನೆ? ಇಲ್ಲ. "ಆಗಲಿ ಸರ್" ಎಂದೆ. ಓದಿ ಮುಗಿಸಿದ ಮೇಲೂ, ರಿಜಿಸ್ಟರ್ ನೋಡಿದ ಮೇಲೂ, "ಆಗಲಿ ಸರ್" ಎಂದೆ. ಇವತ್ತಿನ ಸನ್ಮಾನ ಹಾಳಾಗುತ್ತದೆಂದು ಹೆದರಿದೆ. ಇದನ್ನು ಹೇಳಬೇಕೆಂದು ಬರೆದುಕೊಂಡಿರಲಿಲ್ಲ. ಬಾಯಿಗೆ ಬಂತು, ಇರಲಿ.

ಇಂದು ಬೆಳಿಗ್ಗೆ ಎಂಟು ಗಂಟೆಗೆ ನಾನು ಲೈಬ್ರರಿಯ ಬಾಗಿಲು ತೆರೆದೆ. ಕಂದು ಕಾಗದವನ್ನು ಬಿಚ್ಚಿ ಹಾಕಿದೆ. ಪುಸ್ತಕಕ್ಕೆ ಮುದ್ರೆ ಒತ್ತಿ, ದಾಖಲೆ ರಿಜಿಸ್ಟರಿನಲ್ಲಿ ಹದಿನೆಂಟು ಸಾವಿರದ ನಾನೂರ ಏಳು ಎಂಬ ಸಂಖ್ಯೆ ಕೊಟ್ಟೆ. ನಿಯಮ ನಿಮಗೆ ಗೊತ್ತು, ಕಾರ್ಯದರ್ಶಿಗಳೇ. ಸಂಖ್ಯೆ ಬಿದ್ದ ಪುಸ್ತಕವನ್ನು ತೆಗೆಯಬೇಕಾದರೆ ಮೂವರು ಕಾರಣ ಬರೆದು ಸಹಿ ಮಾಡಬೇಕು. ಆ ಕಾರಣದ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ. ಯಾರ ಬೇಸರಕ್ಕಾಗಿ ತೆಗೆಯುತ್ತೀರೆಂದು ದಯವಿಟ್ಟು ಸ್ಪಷ್ಟವಾದ ಅಕ್ಷರಗಳಲ್ಲಿ ಬರೆಯಿರಿ; ಮುಂದೆ ಓದುವವರಿಗೆ ತಿಳಿಯಬೇಕು. ಫಲಕ ಈ ಕೈಚೀಲದಲ್ಲಿದೆ. ನಾಲ್ಕು ತಿರುಪು, ಹತ್ತು ನಿಮಿಷದ ಕೆಲಸ. ಇಪ್ಪತ್ತೊಂದು ವರ್ಷ ಬೇಕಾಯಿತು.

ಸನ್ಮಾನ ಪತ್ರದ ಮೂರನೆಯ ಪ್ಯಾರಾವನ್ನು ನಾನು ಇಲ್ಲಿ ಕುಳಿತಲ್ಲೇ ಪೆನ್ನಿನಿಂದ ಹೊಡೆದುಹಾಕಿದ್ದೇನೆ. ಚೌಕಟ್ಟು ಹಾಕಿಸುವವರು ಹಾಗೆಯೇ ಹಾಕಿಸಲಿ.

ಆದರೆ ಆ ಪುಸ್ತಕವನ್ನು ಇವತ್ತು ಕಪಾಟಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಇಂದು ಸಂಜೆ ಐದರವರೆಗೆ ನಾನು ಇಲ್ಲಿನ ಸಿಬ್ಬಂದಿ. ನನ್ನ ಕಾರ್ಡಿನ ಮೇಲೆ ಅದನ್ನು ಎರವಲು ತೆಗೆದುಕೊಂಡಿದ್ದೇನೆ. ಈ ಸಲ ಅಕ್ಷರಗಳನ್ನಲ್ಲ, ಅರ್ಥವನ್ನು ಓದಬೇಕಾಗಿದೆ. ಆರು ದಿನಗಳ ಗಡುವು. ಏಳನೆಯ ದಿನ ತರುತ್ತೇನೆ. ಮೂರನೆಯ ಸಾಲಿನಲ್ಲಿ ಕುಳಿತಿರುವ ಹೊಸ ಲೈಬ್ರರಿ ಮಿಸ್, ಆ ದಿನ ನಿಯಮದಂತೆ ನನಗೆ ಶಿಕ್ಷೆ ಕೊಡಿ. ಕೊಡುವ ಮೊದಲು "ಯಾಕೆ ತಡ" ಎಂದು ಕೇಳಿ. ಕೇಳಿದ ಮೇಲೆ ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳಿ. ನಿಮಗೆ ಒಪ್ಪಿಸಲು ನನಗೆ ಗೊತ್ತಿರುವ ಕೆಲಸ ಇಷ್ಟೇ.

ಮಕ್ಕಳೇ, ಆ ಸಂಜೆ ಶಾಲೆ ಬಿಟ್ಟ ಮೇಲೆ ನಾನು ಕಿಟಕಿಯ ಪಕ್ಕದ ಮೇಜಿನಲ್ಲಿ ಅಂಟು ಹಚ್ಚುತ್ತಾ ಕುಳಿತಿರುತ್ತೇನೆ. ಮಂಡಳಿ ಒಪ್ಪಿದರೆ ಆಮೇಲಿನ ಸಂಜೆಗಳಲ್ಲಿಯೂ. ಒಪ್ಪದಿದ್ದರೆ ಗೇಟಿನ ಹೊರಗಿನ ಬೆಂಚಿನಲ್ಲಿ. ಯಾರಿಗಾದರೂ ಮನೆಗೆ ಹೋಗಲು ತಡಮಾಡಬೇಕು ಅನ್ನಿಸಿದರೆ ಬನ್ನಿ. ಅದಕ್ಕಾಗಿ ಪುಸ್ತಕ ತಡವಾಗಬೇಕಿಲ್ಲ. ಮಾತಾಡಲೇಬೇಕೆಂದೂ ಇಲ್ಲ. ಮಾತಾಡಿದರೆ ನಾನು ನಡುವೆ ಎದ್ದು ಹೋಗುವುದಿಲ್ಲ, ನಿಮ್ಮ ಮನೆಗೆ ಚೀಟಿಯನ್ನೂ ಬರೆಯುವುದಿಲ್ಲ. ಯಾರಿಗೆ ತಿಳಿಸಬೇಕೋ ಅವರ ಬಳಿಗೆ ನಿಮ್ಮ ಕೈ ಹಿಡಿದುಕೊಂಡೇ ಹೋಗುತ್ತೇನೆ. ನಿನ್ನೆ ಪೇಟೆಗೆ ಹೋಗಿ ಹೊಸದೊಂದು ಬ್ರಷ್ ತಂದಿದ್ದೇನೆ. ಈಗ ಎರಡಿವೆ.

ಚಪ್ಪಾಳೆ ಬೇಡ. ಕೊನೆಯವರೆಗೆ ಕೂತು ಕೇಳಿದಿರಲ್ಲ, ಅದಕ್ಕೆ ನಿಮ್ಮೆಲ್ಲರಿಗೂ ಧನ್ಯವಾದ. ನಮಸ್ಕಾರ.