ಕಾಲಿನ ಬಾವು

…ಅಯ್ಯೋ, ಪರದೆ ತೆಗಿಬೇಡ ಸುಭದ್ರಕ್ಕ! ಬಿಸಿಲು ನನಗಾಗಲ್ಲ ಅಂತ ಸ್ಕೈಪ್‌ನಲ್ಲೇ ಹೇಳಿರಲಿಲ್ವಾ? ನಿಮ್ಮ ಪರ್ತ್ ಬಿಸಿಲಾಗ್ಲಿ, ಈ ಬ್ರಿಸ್ಬೇನ್ ಬಿಸಿಲಾಗ್ಲಿ, ಲೂಪಸ್ ಕಾಯಿಲೆ ಇರೋರಿಗೆ ಎರಡೂ ಆಗಲ್ಲ. ಯಾಕೆ ನಗ್ತೀಯ? ನಿನ್ನ ತಂಗಿ ಇಂದುಮತಿ ಡಾಕ್ಟರ್ ಆಗ್ಬಿಟ್ಲು ಅಂತಾನಾ?

ಬಾ, ಕೂತ್ಕೋ. ವಿಮಾನ ಇಳಿದ ತಕ್ಷಣ ತಂಗಿ ಕಾಲಿಗೆ ಎಣ್ಣೆ ಹಚ್ಬೇಕು ನಿನಗೆ… ಸರಿ, ಹಚ್ಚು. ಮೆಲ್ಲಗೆ… ಹಾಂ.

ಮೊದಲು ನೋವು ಬಂದಿದ್ದು ಬೆರಳ ಗೆಣ್ಣಿಗೆ. ಬೆಳಿಗ್ಗೆ ಎದ್ರೆ ಹಲ್ಲುಜ್ಜೋ ಬ್ರಷ್ ಹಿಡಿಯೋಕಾಗ್ತಿರ್ಲಿಲ್ಲ. ಆಮೇಲೆ ಕೆನ್ನೆ ಮೇಲೆ ಈ ಕೆಂಪು… ಆಫೀಸಲ್ಲಿ ‘ಸನ್‌ಬರ್ನಾ?’ ಅನ್ನೋರು. ಹೂಂ ಅಂತಿದ್ದೆ. ಹೊರಗಿನ ರೋಗಾಣು ಜೊತೆ ಹೊಡೆದಾಡಬೇಕಾದ ಶಕ್ತಿ ನನ್ನ ಮೈಮೇಲೇ ತಿರುಗಿ ಬಿದ್ದಿದೆಯಂತೆ. ಕೀಲು, ಚರ್ಮ, ಕಿಡ್ನಿ… ಎಲ್ಲಿಗೆ ಬೇಕಾದ್ರೂ ಹೋಗತ್ತಂತೆ. ಡಾಕ್ಟರ್ ಅದನ್ನ ಹೇಳಿದಾಗಿಂದ ಕನ್ನಡಿ ಮುಂದೆ ನಿಲ್ಲಕ್ಕೆ ಭಯ ಅಕ್ಕ. ಒಳಗೆ ಯಾರೋ ಓಡಾಡ್ತಿದಾರೆ ಅನ್ಸತ್ತೆ. ಓಡಿಸೋಣ ಅಂದ್ರೆ… ಅದೂ ನಾನೇ!

ಮಾತ್ರೆನಾ? ತಗೋತೀನಿ, ತಗೋತೀನಿ. ರಮಾಕಾಂತೂ ದಿನಾ ಇದೇ ಕೇಳ್ತಾನೆ, ಗಂಡ ಅನ್ನೋದು ಬಿಟ್ಟು ಪೊಲೀಸ್ ಆಗಿದಾನೆ. ಕಾಲು ಊದಿರೋದು ಸುಮ್ನೆ… ಸೆಕೆಗೆ. ಅಡಿಗೆಮನೇಲಿ ನಿಂತೂ ನಿಂತೂ.

ಯಾಕೆ ಅಲ್ಲೇ ಒತ್ತಿ ಒತ್ತಿ ನೋಡ್ತೀಯ? ಗುಳಿ ಬಿದ್ರೆ ಬೀಳ್ಲಿ ಬಿಡು, ತಾನೇ ತುಂಬ್ಕೊಳತ್ತೆ… ಸ್ವಲ್ಪ ಹೊತ್ತು ಬೇಕು ಅಷ್ಟೇ… ಅಕ್ಕ? ಹಾಗೆ ನೋಡ್ಬೇಡ. ಹೊಟ್ಟೆ ಕಡೆ ನೋಡ್ಬೇಡ!

…

ಹೂಂ. ನಿಲ್ಸಿದೀನಿ. ಎಲ್ಲಾ ಮಾತ್ರೆನೂ. ಕಾಯಿಲೆ ಹತೋಟಿಗೆ ಬರ್ಲಿ, ಮಾತ್ರೆ ಬದಲಾಯಿಸೋಣ, ಆಮೇಲೆ ಮಗು ಅಂದ್ರು ಡಾಕ್ಟರ್. ಎಷ್ಟು ವರ್ಷ ಕಾಯ್ಲಿ ಅಕ್ಕ? ಆ ಮಾತ್ರೆ ತಗೊಂಡ್ರೆ ಮಗೂಗೆ ತೊಂದ್ರೆ ಅಂತ ಗೊತ್ತಿತ್ತು. ಯಾರನ್ನೂ ಕೇಳ್ದೆ ಬಿಟ್ಬಿಟ್ಟೆ. ಈಗ ಮೂರನೇ ತಿಂಗಳು… ರಮಾಕಾಂತ್‌ಗೂ ಗೊತ್ತಿಲ್ಲ. ಕೂತ್ರೂ ನಿಂತ್ರೂ ಒಂದೇ ಯೋಚನೆ… ನನ್ನನ್ನೇ ಬಿಡದ ಮೈ ಇದನ್ನ ಬಿಡತ್ತಾ?

ಬೈಯಿ ಅಕ್ಕ. ಹೊಡಿ ಬೇಕಾದ್ರೆ. ಅಳ್ಬೇಡ…

ಕಾರ್ ಕೀ ಯಾಕೆ ತಗೊಂಡೆ? ಆಸ್ಪತ್ರೆಗಾ? ಈ ಬಾವು ಕಿಡ್ನಿದು ಅಂತೀಯಾ? ಈಗ್ಲೇ?

…ಬರ್ತೀನಿ. ರಮಾಕಾಂತ್‌ಗೆ ನೀನೇ ಫೋನ್ ಮಾಡು, ನನ್ನ ಬಾಯಲ್ಲಿ ಬರಲ್ಲ. ಮತ್ತೆ ಅಕ್ಕ… ಅವನ ಚಪ್ಪಲಿ ಕೊಡು, ಬಾಗಿಲ ಹತ್ರ ಇದೆ. ನನ್ನವು ಒಂದೂ ಕಾಲಿಗೆ ಹಿಡಿಸ್ತಿಲ್ಲ.