ಮೊದಲ ಬಟ್ಟೆ ಯಾರದು?

ಕೂತಿರಾ? ಹಿಂದೆ ನಿಂತವರು ಮುಂದೆ ಬನ್ನಿ, ಮುಂದೆ ಕೂತವರು ಜಾಗ ಬಿಡಿ. ನಡುನಡುವೆ ಹೂಂ ಅನ್ನಿ. ಕೇಳುವವರು ಹೂಂ ಅನ್ನದಿದ್ದರೆ ಕತೆ ಅಲ್ಲೇ ಕುಂಟಿ ಬೀಳುತ್ತದೆ.

ಹೆಸರು ಕೇಳಬೇಡಿ, ಅಂಥ ಒಂದು ನಾಡು. ಆ ನಾಡಿನಲ್ಲಿ ಒಂದು ಊರು. ಊರಿನ ಎತ್ತರದಲ್ಲಿ ಒಂದು ವಾಡೆ. ವಾಡೆಯೊಳಗೆ ಒಬ್ಬ ಧಣಿ. ವಾಡೆಯ ಕೆಳಗೆಲ್ಲ ಅವನದೇ ಹೊಲ, ಹೊಲದ ತುಂಬ ಅವನದೇ ಆಳು. ಆಳುಗಳಿಗೂ ಹೆಸರಿದ್ದವು. ಕರೆಯುವವರಿರಲಿಲ್ಲ, ಅಷ್ಟೇ.

ಆ ಊರಲ್ಲಿ ಒಂದು ಕಟ್ಟಳೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ವಾಡೆಯಿಂದ ಒಂದು ಕುಂಚಿಗೆ ಬರುತ್ತಿತ್ತು. ಕುಂಚಿಗೆ ಗೊತ್ತಲ್ಲ? ಕೂಸಿನ ತಲೆಯ ಮೇಲೆ ಟೊಪ್ಪಿಗೆಯ ಹಾಗೆ ಕೂತು ಬೆನ್ನ ಮೇಲೆ ಇಳಿಬೀಳುವ ಬಟ್ಟೆ. ಹೊಸ ಕೆಂಪು ಬಟ್ಟೆ, ಅಂಚಿಗೆ ಜರಿ. ಧಣಿಯದು ಎಷ್ಟು ದೊಡ್ಡ ಮನಸ್ಸು ಅಂತೀರಾ? ತಾಳಿ. ಆ ಕೂಸು ಬೆಳೆದು ತುಂಬಿದ ಕೊಡ ಎತ್ತುವಷ್ಟು ಕಸುವು ಬಂದ ದಿನ ವಾಡೆಯ ಕಾರಭಾರಿ ಬಾಗಿಲಿಗೆ ಬರುತ್ತಿದ್ದ.

"ಮೊದಲ ಬಟ್ಟಿ ಯಾರದು?" ಅನ್ನುತ್ತಿದ್ದ.

"ವಾಡೆದ್ದು" ಅನ್ನಬೇಕು.

"ಮೊದಲ ಬಟ್ಟಿ ಯಾರದೋ, ಸಾಯೋತನಕ ಮೈ ಅವರದು. ನಡಿ."

ಅಜ್ಜ ಹೋದ. ಅಪ್ಪ ಹೋದ. ಮಗನೂ ಹೋದ. ಹೋದವರು ಏನಂದರು? ಋಣ ಅಂದರು. ಜೀತಕ್ಕೆ ಋಣ ಅಂತ ಹೆಸರಿಟ್ಟವನ ನಾಲಿಗೆಗೆ ಹುಳ ಬೀಳಲಿ! ಗಾಳಕ್ಕೆ ಎರೆಹುಳ ಸಿಕ್ಕಿಸಿದವನನ್ನು ಮೀನು ಅನ್ನದಾತ ಅಂತ ಹೊಗಳಿತಂತೆ. ಆ ಮೀನಿಗಿಂತ ನಾವೇನು ಕಡಿಮೆ?

ಇರಲಿ, ಕೇಳಿ. ಆ ಊರಲ್ಲಿ ಫಕೀರವ್ವ ಅಂತ ಒಬ್ಬಳು. ಗಂಡ ಯಮನಪ್ಪ, ವಾಡೆಯ ಎತ್ತು ಕಾಯುವವನು. ಇಬ್ಬರೂ ಕೆಂಪು ಕುಂಚಿಗೆ ಹೊದ್ದು ಬೆಳೆದವರು, ಇಬ್ಬರೂ ವಾಡೆಯ ಆಳು. ಫಕೀರವ್ವನಿಗೆ ಒಂದು ಹೆಣ್ಣು ಕೂಸು ಹುಟ್ಟಿತು. ಕೂಸು ತಾಯಿಯ ಬೆರಳು ಹಿಡಿದುಕೊಂಡಿತು, ಬಿಡಲಿಲ್ಲ. ಫಕೀರವ್ವ ಆ ಹಿಡಿಯನ್ನೇ ನೋಡುತ್ತ ಕೂತಳು. ಅವರೆಕಾಳಿನಷ್ಟು ಬೆರಳು, ಅಕ್ಕಿನುಚ್ಚಿನಷ್ಟು ಉಗುರು. ಈ ಕೈ ವಾಡೆಯ ಸಗಣಿ ಬಾಚುವುದಕ್ಕೇ ಹುಟ್ಟಿತೇ?

"ಈ ಕೂಸಿಗೆ ವಾಡೆದ ಕುಂಚಿಗಿ ಬ್ಯಾಡ. ನಾನ ಹೊಲೀತೀನಿ" ಅಂದಳು ಗಂಡನಿಗೆ.

"ಹುಚ್ಚಿ ಆದಿ ಏನ? ಯಾವ ಬಟ್ಟೀಲೆ ಹೊಲೀತಿ? ನಿನ್ನ ಸೀರಿ ಯಾರದು?"

"ವಾಡೆದ್ದು."

"ನನ್ನ ಧೋತರ?"

"ವಾಡೆದ್ದು."

"ಹಾಸಿದ ಕೌದಿ?"

ಕೌದಿಯೂ ವಾಡೆಯವರು ಉಟ್ಟು ಬಿಟ್ಟ ಸೀರೆಗಳದ್ದೇ. ಕೂಲಿಯ ಬದಲು ಬಟ್ಟೆ ಕೊಡುವ ಊರಲ್ಲಿ ಮತ್ತೇನಿರುತ್ತದೆ?

"ಮತ್ತ ಏನು ಹೊದಿಸ್ತಿ, ಮುಗಿಲ?" ಅಂದ ಯಮನಪ್ಪ.

"ವಾಡೆದ ಋಣ ಇಲ್ಲದ ಬಟ್ಟಿ ಎಲ್ಲ್ಯಾರ ಇದ್ದಽ ಇರ್ತೈತಿ. ಬೇಡಿ ತರ್ತೀನಿ."

ಬಾಣಂತಿ ಹೊಸ್ತಿಲು ದಾಟಬಾರದು ಅನ್ನುತ್ತಾರೆ. ಅದು ಉಳ್ಳವರ ಬಾಣಂತನ. ಫಕೀರವ್ವ ಕೂಸನ್ನು ಎದೆಗೆ ಅವಚಿಕೊಂಡು ಊರ ಹೊರಗಿನ ದಾರಿಗೆ ಹೋಗಿ ನಿಂತಳು.

ಮೊದಲು ಕತ್ತೆಯ ಮೇಲೆ ಉಪ್ಪಿನ ಚೀಲ ಹೇರಿಕೊಂಡು ಒಬ್ಬ ಹೆಂಗಸು ಬಂದಳು.

"ಅಕ್ಕಾ, ನೀ ಉಟ್ಟ ಸೀರಿ ಯಾವ ವಾಡೆದ್ದು?"

"ಯಾವ ವಾಡೆದ್ದೂ ಅಲ್ಲವ್ವಾ. ಉಪ್ಪು ಮಾರಿ ತೊಗೊಂಡದ್ದು."

"ನನ್ನ ಕೂಸಿಗೆ ಒಂದು ತುಂಡು ಕೊಡ್ತಿ?"

ಅವಳು ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ ಪರ್ರನೆ ಹರಿದು ಕೊಟ್ಟಳು. ಬಿಸಿಲಿಗೆ, ನೀರಿಗೆ ಬಣ್ಣ ಹೋಗಿ ಹತ್ತಿಯಷ್ಟು ಮೆತ್ತಗಾದ ಬಟ್ಟೆ.

ಆಮೇಲೆ ಕುರಿ ಹೊಡೆದುಕೊಂಡು ಒಬ್ಬ ಮುದುಕ ಬಂದ.

"ಯಜ್ಜಾ, ನೀ ಸುತ್ತಿದ ರುಮಾಲು ಯಾವ ವಾಡೆದ್ದು?"

"ಯಾವ ವಾಡೆದ್ದೂ ಅಲ್ಲ. ಉಣ್ಣಿ ಕಂಬಳಿ ಮಾರಿ ತೊಗೊಂಡದ್ದು."

"ನನ್ನ ಕೂಸಿಗೆ ಒಂದು ತುಂಡು ಕೊಡ್ತಿ?"

"ಕೊಟ್ಟರ ನನ್ನ ಬೋಳುತಲಿ ಊರಿಗೆಲ್ಲ ಕಾಣ್ತೈತಲ್ಲವ್ವಾ!" ಅಂದ ಮುದುಕ. ಅಂದು, ಅರ್ಧ ರುಮಾಲು ಹರಿದು ಕೊಟ್ಟ. "ಕಾಣಲಿ ಬಿಡು. ಕುರಿಗೋಳೇನು ನಗಂಗಿಲ್ಲ."

ಕೊನೆಗೆ ಒಬ್ಬ ಜೋಗತಿ ಬಂದಳು. ಹೆಗಲಲ್ಲಿ ದೊಡ್ಡ ಜೋಳಿಗೆ.

"ಯವ್ವಾ, ನಿನ್ನ ಜೋಳಿಗಿ ಯಾವ ವಾಡೆದ್ದು?"

"ಯಾವ ವಾಡೆದ್ದೂ ಅಲ್ಲ. ಬೇಡಿದ್ದು."

"ನನ್ನ ಕೂಸಿಗೆ..."

"ಎಲಾ ಇವಳಽ! ಬೇಡಿ ತಿನ್ನೋರ ಹತ್ರ ಬೇಡಾಕ ನಿಂತಾಳ!" ಜೋಗತಿ ನಕ್ಕಳು. ಒಳಗಿದ್ದ ಜೋಳವನ್ನು ಉಡಿಗೆ ಸುರಿದುಕೊಂಡು ಜೋಳಿಗೆಯನ್ನೇ ಬಿಚ್ಚಿ ಕೊಟ್ಟಳು. ಇದ್ದವರು ಅಳೆದು ಕೊಡುತ್ತಾರೆ, ಇಲ್ಲದವರು ಹರಿದು ಕೊಡುತ್ತಾರೆ. ಸುಳ್ಳೇನು? ಹೂಂ ಅನ್ನಿ.

ಫಕೀರವ್ವ ಹೊಲಿಯಲು ಕೂತಳು. ಬಟ್ಟೆ ಕುದಿಸಿದಳು, ಬಿಸಿಲಿಗೆ ಹಾಕಿದಳು. ನೂಲಿಗೆ ಎಲ್ಲಿ ಹೋಗುವುದು? ರುಮಾಲಿನ ಅಂಚಿನಿಂದ ಎಳೆ ಎಳೆದು ಸೂಜಿಗೆ ಪೋಣಿಸಿದಳು. ಉಪ್ಪಿನವಳ ಸೆರಗು ಒಳಗೆ, ಮೈಗೆ ತಾಗುವ ಕಡೆ. ಕುರುಬಜ್ಜನ ರುಮಾಲು ಹೊರಗೆ. ಹೊಲಿಗೆಯ ಗಂಟು ಕೂಸಿನ ಚರ್ಮಕ್ಕೆ ಒತ್ತಬಾರದೆಂದು ಎಲ್ಲ ಹೊರಗೇ ಬಿಟ್ಟಳು. ಗುಂಡಿ ಇಲ್ಲ, ಕಟ್ಟಲು ಜೋಗತಿಯ ಜೋಳಿಗೆಯ ಅಂಚಿನಿಂದ ಹರಿದ ಎರಡು ಕಸೆ. ಕೂಸು ಬೆಳೆದ ಹಾಗೆ ಬಿಚ್ಚಿಕೊಳ್ಳಲಿ ಅಂತ ಹೆಗಲ ಬಳಿ ಒಂದು ಮಡಿಕೆ. ನೋಡಲು ಚೆಂದವೇ? ಬೆದರುಗೊಂಬೆಯ ಅಂಗಿಗಿಂತ ಒಂದು ಕೂದಲು ಮೇಲು. ಆದರೆ ಕೂಸು ಅದರೊಳಗೆ ಹೋದದ್ದೇ ನಿದ್ದೆ ಮಾಡಿತು.

ತೊಟ್ಟಿಲ ದಿನ ಕಾರಭಾರಿ ರಾಚಪ್ಪ ತಾಟಿನಲ್ಲಿ ಕೆಂಪು ಕುಂಚಿಗೆ ಇಟ್ಟುಕೊಂಡು ಬಂದ.

"ಹೊದಿಸು."

"ಆಗಲೇ ಹೊದಿಸೀನ್ರಿ."

"ಏನಿದು ಚಿಂದಿ?"

"ಚಿಂದಿನ ಹೌದು. ಆದರ ವಾಡೆದ್ದಲ್ಲ. ಮೊದಲ ಬಟ್ಟಿ ಯಾರದೋ ಮೈ ಅವರದು ಅಂತೀರಲ್ಲ, ಇದು ದಾರಿ ಮ್ಯಾಲಿನ ಮೂರು ಮಂದೀದು. ನಿಮ್ಮದು ವಾಪಸ್ ಒಯ್ಯಿರಿ."

ರಾಚಪ್ಪ ತಾಟು ಎತ್ತಿಕೊಂಡು ತಿರುಗಿ ಹೋದ. ಸಂಜೆಗೆ ಡಂಗುರ ಹೊಡೆಸಿದ: "ಫಕೀರವ್ವನ ಕೂಸನ್ನ ಯಾರೂ ಎತ್ತಬಾರದು! ಮಗ್ಗಲ ಮನಿಯವರು ಎತ್ತಬಾರದು! ಕಳ್ಳುಬಳ್ಳಿ ಸಂಬಂಧಿಕರು ಎತ್ತಬಾರದು! ಹಡೆದಪ್ಪನೂ ಎತ್ತಬಾರದು! ಎತ್ತಿದರ ಬೆನ್ನಿನ ಮ್ಯಾಲೆ ಬಾರಕೋಲು!"

ಕೈ ಇಲ್ಲದ ಊರು ಯಾವುದಾದರೂ ಇದೆಯೇ? ಅವತ್ತಿನಿಂದ ಆ ಊರಿಗೆ ಕೈ ಇಲ್ಲದಾಯಿತು. ಕೂಸು ಅತ್ತರೆ ಹೆಂಗಸರು ಸೆರಗಿನಲ್ಲಿ ಕೈ ಸುತ್ತಿಕೊಂಡು ನಿಲ್ಲುತ್ತಿದ್ದರು. ಯಮನಪ್ಪ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಫಕೀರವ್ವ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಹೊಲಕ್ಕೆ ಹೋಗದಿದ್ದರೆ ಹೊಟ್ಟೆಗಿಲ್ಲ. ಹೋದರೆ ಕೂಸು ನೋಡುವವರಿಲ್ಲ. ಕೈಯಲ್ಲಿ ಕೂಸು ಹಿಡಿದರೆ ಕಳೆ ಕೀಳುವ ಕುರ್ಚಿಗಿ ಹಿಡಿಯುವುದು ಹೇಗೆ? ಫಕೀರವ್ವ ಯೋಚಿಸಿದಳು. ಜೋಗತಿಯ ಜೋಳಿಗೆ ಇನ್ನೂ ಇತ್ತು. ಅದನ್ನು ಬಿಚ್ಚಿ ಚೌಕ ಮಾಡಿದಳು. ಮೇಲಿನ ಎರಡು ಮೂಲೆಗೆ ಉದ್ದದ ಪಟ್ಟಿ, ಕೆಳಗಿನ ಎರಡು ಮೂಲೆಗೆ ಗಿಡ್ಡ ಪಟ್ಟಿ. ಭಾರ ಬೀಳುವ ಕಡೆ ಹೊಲಿಗೆಯ ಮೇಲೆ ಹೊಲಿಗೆ. ಉದ್ದದ್ದು ಹೆಗಲ ಮೇಲಿಂದ ಬಂದು ಎದೆಯ ಮೇಲೆ ಅಡ್ಡ ಹಾಯಬೇಕು, ಗಿಡ್ಡದ್ದು ನಡುವಿಗೆ ಗಂಟು ಬೀಳಬೇಕು. ಮೊದಲು ಕೂಸಿನಷ್ಟೇ ತೂಕದ ಒಂದು ಹಿಟ್ಟಿನ ಗಂಟು ಕಟ್ಟಿಕೊಂಡು ಕುಣಿದು ನೋಡಿದಳು. ಹರಿಯಲಿಲ್ಲ. ಆಮೇಲೆ ಕೂಸನ್ನು ಕೂರಿಸಿದಳು, ಕಪ್ಪೆ ಕೂತ ಹಾಗೆ, ಕಾಲು ಮಡಚಿ, ಬಟ್ಟೆಯ ಮೇಲಂಚು ಕುತ್ತಿಗೆಗೆ ಆಸರೆಯಾಗುವ ಹಾಗೆ. ಕೂಸು ಬೆನ್ನಿಗೆ ಕೆನ್ನೆ ಹಚ್ಚಿತು. ಎರಡೂ ಕೈ ಖಾಲಿ!

ಹೊಲದಲ್ಲಿ ಉಳಿದ ಹೆಂಗಸರು ನೋಡಿದರು. ಅವರ ಕೂಸುಗಳು ಬದುವಿನ ಮೇಲೆ, ಇರುವೆ ಸಾಲಿನ ಪಕ್ಕ, ಕೆಂಪು ಕುಂಚಿಗೆಯಲ್ಲಿ ಬೆವರಿ ಅಳುತ್ತಿದ್ದವು. ಇವಳದು ತಾಯಿಯ ಬೆನ್ನ ಮೇಲೆ ಊರು ನೋಡುತ್ತಿತ್ತು. ಒಬ್ಬಳು ಪಕ್ಕದ ಸಾಲಿಗೆ ಬಂದಳು, ತಲೆ ಎತ್ತದೆ ಕೇಳಿದಳು: "ಪಟ್ಟಿ ಎಷ್ಟು ಉದ್ದ ಬೇಕಽ?" ಇನ್ನೊಬ್ಬಳು ಬಂದಳು: "ಗಂಟು ಎಲ್ಲಿ ಹಾಕ್ತಿ?" ಮತ್ತೊಬ್ಬಳಿಗೆ ತಿಂಗಳು ತುಂಬಿತ್ತು. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು: "ಉಪ್ಪಿನಾಕಿ ಮತ್ತ ಯಾವಾಗ ಬರ್ತಾಳ?"

ಈ ಮಾತು ವಾಡೆಗೆ ಮುಟ್ಟಿತು. ಧಣಿಗೆ ಊಟ ಸೇರಲಿಲ್ಲ. ಒಂದು ಕೂಸು ಹೋದರೆ ಹೋಗಲಿ, ಕಟ್ಟಳೆಯೇ ಹೋದರೆ? ಊರನ್ನೆಲ್ಲ ವಾಡೆಯ ಮುಂದೆ ಕೂಡಿಸಿದ. ತಾನು ಮೆಟ್ಟಿಲ ಮೇಲೆ, ಊರು ಮೆಟ್ಟಿಲ ಕೆಳಗೆ.

"ಫಕೀರವ್ವಾ, ಮೊದಲ ಬಟ್ಟಿ ಯಾರದೋ ಮೈ ಅವರದು. ನೀನೂ ಒಪ್ಪತಿ?"

"ಒಪ್ಪತೀನ್ರಿ. ಅದಕ್ಕ ಬ್ಯಾರೇದವರ ಬಟ್ಟಿ ತಂದೀನಿ."

"ಅಂದರ ಈ ಕೂಸು ನಿಂದೂ ಅಲ್ಲ. ಆ ಮೂರು ಮಂದೀದು. ಎಲ್ಲಿ ಅದಾರ ಅವರು?"

ಉಪ್ಪಿನವಳು ಯಾವ ಊರಲ್ಲೋ. ಕುರುಬಜ್ಜ ಯಾವ ಅಡವಿಯಲ್ಲೋ. ಜೋಗತಿ ಯಾವ ಗುಡಿಯ ಕಟ್ಟೆಯ ಮೇಲೋ.

"ಬರೂದಿಲ್ಲ? ಹಂಗಾರ ವಾರಸುದಾರರಿಲ್ಲದ ಮಾಲು ವಾಡೆಗೆ ಸೇರತೈತಿ. ರಾಚಪ್ಪಾ, ಕೂಸು ತೊಗೊ."

ಕೇಳಿದಿರಾ? ಫಕೀರವ್ವನ ತಪ್ಪು ಗೊತ್ತಾಯಿತಾ? ಧಣಿಯ ಬಟ್ಟೆ ಬಿಟ್ಟಳು, ಧಣಿಯ ಕಟ್ಟಳೆ ಬಿಡಲಿಲ್ಲ. ಬಲೆಯೊಳಗೇ ಈಜಿ ಬಲೆ ದಾಟಿದೆ ಅಂದುಕೊಂಡಳು. ಅವಳಿಗೂ ಆಗಲೇ ಗೊತ್ತಾದದ್ದು. ರಾಚಪ್ಪ ಬೆನ್ನ ಹಿಂದೆ ಬಂದು ಪಟ್ಟಿಗೆ ಕೈ ಹಾಕಿದ. ಕೂಸು ಎಚ್ಚರಾಗಿ ಚೀರಿತು.

ಆಗ ಜನರ ಹಿಂದಿನಿಂದ ಒಂದು ಮುದಿ ದನಿ ಬಂತು. "ಲೇ ರಾಚಾ, ಕೈ ತಗಿ! ವಾರಸುದಾರಳು ಇಲ್ಲೇ ಸಾಯದಽ ನಿಂತೀನಿ!"

ಅವಳು ಹುಲಿಗೆವ್ವ, ಊರ ಸೂಲಗಿತ್ತಿ. ವಾಡೆಯ ಮೆಟ್ಟಿಲು ಮುಟ್ಟಬಾರದ ಜಾತಿಯವಳು, ಅದಕ್ಕೇ ಎಲ್ಲರಿಗಿಂತ ಹಿಂದೆ ನಿಂತಿದ್ದಳು.

"ಯಾವ ತುಂಡು ನಿಂದು?" ಅಂದ ಧಣಿ.

"ಅದರಾಗಿನ ತುಂಡು ಯಾವುದೂ ನಂದಲ್ಲ. ಕೂಸು ಜಾರಿ ಬಿದ್ದದ್ದು ಯಾವುದರಾಗ? ನನ್ನ ಹಳೇ ಸೆರಗಿನ್ಯಾಗ! ಮುಟ್ಟಬಾರದ ನನಗ ವಾಡೆದ ಬಟ್ಟಿ ಎಂದೂ ಬಂದಿಲ್ಲ, ಅದು ಪರವೂರಾಗ ಹೆರಿಗೆ ಮಾಡಿ ತಂದದ್ದು. ನೆತ್ತರಾ ಒರಸಿದ್ದು ಅದಽ, ಸುತ್ತಿದ್ದು ಅದಽ. ತೊಟ್ಟಿಲದ ದಿನದ ತನಕ ಕೂಸುಗೋಳು ನಿಮ್ಮ ಕುಂಚಿಗಿ ದಾರಿ ಕಾಯ್ಕೋತ ಬರೀ ಮೈಯಾಗ ಇರ್ತಾವೇನು? ಈ ಕೂಸಿನ ಮೊದಲ ಬಟ್ಟಿ ನಂದು. ಇಲ್ಲಿ ನಿಂತವರೆಲ್ಲರದೂ ನಂದು."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಎಷ್ಟು ತಲೆಮಾರು ಕಣ್ಣೆದುರೇ ಇದ್ದ ಮಾತು! ಯಾರಿಗೂ ಹೊಳೆದಿರಲಿಲ್ಲ. ಸೂಲಗಿತ್ತಿಯ ಸೆರಗನ್ನು ಬಟ್ಟೆ ಅಂತ ಲೆಕ್ಕಕ್ಕೆ ಹಿಡಿದವರಾರು?

ಹುಲಿಗೆವ್ವ ಮುಂದೆ ಬಂದಳು. ಜನ ದಾರಿ ಬಿಟ್ಟರು.

"ಯಪ್ಪಾ ಧಣಿ, ನೀನೂ ನನ್ನ ಕೈಯಾಗ ಬಿದ್ದಾಂವನ. ಅವತ್ತು ಹಿತ್ತಲ ಬಾಗಿಲಿಂದ ನನ್ನ ಒಳಗ ಕರಕೊಂಡಿದ್ದರು, ನೀ ಕಾಲು ಮುಂದಾಗಿ ಬಂದಿ. ವಾಡೆದಾಗ ಎಲ್ಲಾ ಜರಿ, ಎಲ್ಲಾ ರೇಷ್ಮಿ, ಹಸಿಮೈಗೆ ಹೊದಿಸಾಕ ಒಂದು ಮೆತ್ತನ್ನ ಅರಿವಿ ಇರಲಿಲ್ಲ. ನಾ ಉಟ್ಟದ್ದನ್ನ ಹರದು ನಿನ್ನ ಸುತ್ತೀನಿ. ಈಗ ಹೇಳು. ಮೊದಲ ಬಟ್ಟಿ ಯಾರದು?"

ಧಣಿ ಒಂದು ಮೆಟ್ಟಿಲು ಹಿಂದಕ್ಕೆ ಸರಿದ. ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಆಮೇಲೆ ಊರಿಗೆ ಊರೇ.

"ಹುಲಿಗೆವ್ವಾಯಿ, ಒಯ್ಯಿ ನಿನ್ನ ಆಳನ್ನ!" ಅಂತ ಯಾರೋ ಕೂಗಿದರು.

"ಏನು ಮಾಡಲ್ಯೋ ಒಯ್ದು? ಒಲಿ ಊದಾಕೂ ಬರಂಗಿಲ್ಲ ಇದಕ್ಕ!" ಅಂದಳು ಮುದುಕಿ. ನಗು ನಿಂತ ಮೇಲೆ ಕೈ ಎತ್ತಿದಳು. "ನನ್ನ ಬಟ್ಟ್ಯಾಗ ಬಿದ್ದವರನ್ನೆಲ್ಲ ನಾ ಬಿಟ್ಟೀನಿ. ಹೋಗ್ರಿ."

ಕತೆ ಮುಗಿಯಿತು ಅಂದುಕೊಂಡಿರಾ? ಫಕೀರವ್ವ ಹಾಗೆ ಅಂದುಕೊಳ್ಳಲಿಲ್ಲ. ಅವಳು ಒಮ್ಮೆ ಬಲೆ ಕಂಡವಳು.

"ಆಯಿ, ನೀ ಬಿಡಬ್ಯಾಡ" ಅಂದಳು.

"ಯಾಕಽ?"

"ಬಿಡಾಕ ನೀ ಕಟ್ಟಿದ್ದರ ತಾನ? ನಿನಗ ಬಿಡೋ ಹಕ್ಕೈತಿ ಅಂದರ, ನಾಳೆ ಇನ್ನೊಬ್ಬರಿಗೆ ಕಟ್ಟೋ ಹಕ್ಕು ಬರತೈತಿ. ಚಳಿ ಆಗ್ತಿತ್ತು, ನೀ ಹೊದಿಸಿದಿ. ಉಪ್ಪಿನಾಕಿ ಹೊದಿಸಿದಳು, ಯಜ್ಜ ಹೊದಿಸಿದ, ಜೋಗತಿ ಹೊದಿಸಿದಳು. ಹೊದಿಸಿದವರು ಯಾರೂ ಮೈ ಕೇಳಲಿಲ್ಲ. ಕೇಳಿದಾಂವ ಒಬ್ಬನ. ಬಟ್ಟಿ ಅಂದರ ಬಟ್ಟಿ. ಕಾಲಿಗೆ ಹಾಕೋ ಬೇಡಿ ಅಲ್ಲ. ಈ ಕೂಸಿನ ಮೈ ಈ ಕೂಸಿಂದು."

ಹುಲಿಗೆವ್ವ ಎತ್ತಿದ ಕೈ ಇಳಿಸಿದಳು. ಆಮೇಲೆ, "ಹೌದಽ ಮಗಳಽ" ಅಂದಳು, ಬಹಳ ಮೆಲ್ಲಗೆ.

ಫಕೀರವ್ವ ಎದೆಯ ಮೇಲಿನ ಪಟ್ಟಿ, ನಡುವಿನ ಗಂಟು ಬಿಚ್ಚಿದಳು. ಕೂಸನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ನನ್ನ ರಟ್ಟಿ ಸೋತಾವ. ಯಾರು ಎತ್ಕೋತೀರಿ?"

ನಗುವುದು ಸುಲಭ. ಕೈ ಚಾಚುವುದು ಸುಲಭವಲ್ಲ. ರಾಚಪ್ಪನ ಕೈಯಲ್ಲಿ ಬಾರಕೋಲು ಇನ್ನೂ ಇತ್ತು. ವಾಡೆ ಇನ್ನೂ ನಿಂತೇ ಇತ್ತು. ವಾಡೆ ಅನ್ನುವುದು ಒಂದು ನಗುವಿಗೆ ಬೀಳುವ ಗೋಡೆಯಲ್ಲ, ಅದನ್ನು ದಿನಾ ಬೀಳಿಸಬೇಕು. ಜನ ನೆಲ ನೋಡಿದರು. ಧಣಿ ಜನರನ್ನು ನೋಡಿದ. ಕೂಸು ಗಾಳಿಯಲ್ಲಿ ಕಾಲು ಬಡಿಯುತ್ತಿತ್ತು.

ಎತ್ತುಗಳ ಕಡೆಯಿಂದ ಯಮನಪ್ಪ ಬಂದ. ಕೈಯ ಸಗಣಿಯನ್ನು ಧೋತರಕ್ಕೆ ಒರೆಸಿಕೊಂಡ. ಸಾಲದೆಂದು ಇನ್ನೊಮ್ಮೆ ಒರೆಸಿಕೊಂಡ. ರಾಚಪ್ಪನ ಮುಂದೆಯೇ ಹಾದು, ಅವನ ಕಡೆ ಬೆನ್ನು ಕೊಟ್ಟು ನಿಂತು ಕೂಸನ್ನು ಎತ್ತಿಕೊಂಡ. ಎತ್ತಿಕೊಂಡವನಿಗೆ ಹಿಡಿಯಲು ಬರಲಿಲ್ಲ. ಕೂಸಿನ ತಲೆ ಹಿಂದಕ್ಕೆ ವಾಲಿತು.

"ಕುತ್ತಿಗಿ ಹಿಡಿಯೋ ಎಬಡಾ, ಕುತ್ತಿಗಿ!" ಅಂತ ಹುಲಿಗೆವ್ವ ಗದರಿದಳು.

ಅಷ್ಟರಲ್ಲಿ ಆ ಕುತ್ತಿಗೆಯ ಕೆಳಗೆ ಎಲ್ಲಿಂದಲೋ ನಾಲ್ಕೈದು ಕೈ ಬಂದಿದ್ದವು.

ಇಲ್ಲಿಗೆ ದಾರ ಹಲ್ಲಲ್ಲಿ ಕಡಿದೆ, ಗಂಟು ಹಾಕಿದೆ. ಕತೆ ಗಿಡ್ಡವಾಯಿತು ಅನ್ನುವವರು ನಿಮ್ಮ ಮನೆಯ ತುಂಡು ತಂದು ಜೋಡಿಸಿ ಹೊಲಿಯಿರಿ. ಮೈಗೆ ಸರಿಯಾಯಿತು ಅನ್ನುವವರು ಹೊದ್ದುಕೊಂಡು ಹೋಗಿ. ಹೊದಿಸಿದ್ದಕ್ಕೆ ನಾನೇನೂ ಕೇಳುವುದಿಲ್ಲ.