ಮೊದಲು ಬಡಿಸಿದ ಹಾಗಲಕಾಯಿ

ಸಿಂಧನೂರು ಬಸ್ ನಿಲ್ದಾಣದಲ್ಲಿ ಬಳಗಾನೂರು ಬಸ್ಸಿಗೆ ಕಾದು ಕಾದು ಹನುಮಂತುವಿನ ತಲೆ ಕೆಟ್ಟಿತ್ತು. ಯಾರ ಮೇಲಾದರೂ ಹರಿಹಾಯಬೇಕು ಅಂದುಕೊಂಡವನ ಕಿವಿ ಪಕ್ಕದ ಬೆಂಚಿನತ್ತ ತಿರುಗಿತು. ಅಲ್ಲಿ ಪಕೀರಮ್ಮ ತನ್ನ ತಂಗಿ ದುರ್ಗಾದೇವಿಗೆ ಮಗನ ಸಂಬಂಧ ಮುರಿದ ಸುದ್ದಿ ಹೇಳುತ್ತಿದ್ದಳು.

“ಮಗ ಬಂಗಾಲಿ ನಿರಾಶ್ರಿತರ ಕ್ಯಾಂಪಿನ ಹುಡುಗೀನೇ ಬೇಕಂದ. ಆತು ಅಂತ ಮಾತುಕತಿಗೆ ಹೋಗಿದ್ದೆ. ಊಟಕ್ಕ ಕುಂದರಿಸಿ, ಎಲ್ಲಾಕಿಂತ ಮೊದಲು ಹಾಗಲಕಾಯಿ ಬಡಿಸಿದ್ರು.”

“ನೀ ಏನ್ ಮಾಡಿದಿ?”

“ಎದ್ದು ಬಂದೆ. ಹುಡುಗೀನ ಕೊಡಾಕ ಒಲ್ಲೆವು ಅನ್ನಾಕ ಅವರಿಗೆ ಬಾಯಿಲ್ಲೇನು? ಬೀಗರಿಗೆ ಯಾರಾರ ಸಿಹಿ ಬಿಟ್ಟು ಕಹಿ ಬಡಸ್ತಾರೇನು?”

“ಯಕ್ಕಾ, ಆ ಕ್ಯಾಂಪಿನ ಹೆಣ್ಮಕ್ಕಳು ನನ್ನ ಜೊತಿ ನಾಟಿ ಹಚ್ಚಾಕ ಬರ್ತಾರ. ಅವರ ಊಟ ಕಹಿಯಿಂದಾನೇ ಶುರು ಆಗೂದು. ಸಿಹಿ ಕಡೀಗೆ ಬರ್ತೈತಿ.”

“ಹೌದೇನ್ ಬೇ?”

“ಹೂಂ. ನೀ ಇನ್ನೊಂಚೂರು ಕುಂತಿದ್ರ ಪಾಯಸ ಬರ್ತಿತ್ತು.”



“ಅವತ್ತಿಂದ ಮಗ ನಾ ಬಡಿದ ರೊಟ್ಟಿ ಮುಟ್ಟಿಲ್ಲ.”

ಅಷ್ಟರಲ್ಲಿ ಬಳಗಾನೂರು ಬಸ್ಸು ಬಂತು. ಹನುಮಂತು ಬೈದುಕೊಳ್ಳುತ್ತ ಬಾಗಿಲಿಗೆ ನುಗ್ಗಿದ.

“ಏಳ್ ಯಕ್ಕಾ, ಬಸ್ ಬಂತು.”

“ಹೋಗ್ಲಿ ಬಿಡು. ಕ್ಯಾಂಪಿನ ಬಸ್ ಯಾವಾಗೈತಿ ಕೇಳು.”

“ಈಗ್ಲೇ ಹೊಂಟೇನು?”

“ಬರೇ ಕೈಲೆ ಹೆಂಗ ಹೋಗೂದು? ಆ ಗಾಡ್ಯಾಗ ಹಾಗಲಕಾಯಿ ಅದಾವು, ತಗೊಳ್ಳೂನು ನಡಿ.”

“ಎಳೇವು ಆರಸ್ಲೇನು?”

“ಎಳೇವು ಬ್ಯಾಡ. ಚಲೋ ಕಹಿ ಇದ್ದವು ಆರಿಸು. ಈ ಸಲ ಎಲ್ಲಾ ತಿಂದು ಹುಡುಗೀನ ಕೇಳ್ತೀನಿ.”

ಪಕೀರಮ್ಮ ಸೆರಗು ಸಿಕ್ಕಿಸಿಕೊಂಡು ತರಕಾರಿ ಗಾಡಿಯತ್ತ ನಡೆದಳು.